ಕೊನೆಯವಳ ಲೆಕ್ಕ

ಈ ಬುಧವಾರ ಕೊನೆಯವಳ ಕೆಲಸ ನನಗೆ ಬಂತು.
ಹಳದಿ ಜಾಕೆಟ್ಟು ತೊಡಿಸಿ ಮೆನ್ನ ಹೇಳಿದಳು:
ಎಲ್ಲರ ಹಿಂದೆ ನಡಿ. ಗೇಟು ಹಾಕು.
ಒಂದೊಂದು ಗೇಟು ದಾಟಿದಾಗಲೂ ಎಣಿಸು.
ಹತ್ತು ಜನ, ನೀನೂ ಸೇರಿ.

ಎರಡು ವರ್ಷದಿಂದ ಲ್ಯಾಂಡೋವರಿ ಪೇಟೆಯಲ್ಲಿ
ಇವರ ಗುಳಿಗೆ ಎಣಿಸಿ ಕೊಟ್ಟವಳು ನಾನು,
ಮಂಡಿಗೆ, ನಿದ್ದೆಗೆ, ರಕ್ತದೊತ್ತಡಕ್ಕೆ.
ಇವರನ್ನೇ ಎಣಿಸುವುದು ಇದೇ ಮೊದಲು.

ಮೊದಲು ಕಾಡು. ಕಾಡೆಂದರೆ ನೆಟ್ಟದ್ದು,
ಕಾಪಿ ಪುಸ್ತಕದ ಗೆರೆಯಂತೆ ಸ್ಪ್ರೂಸ್ ಸಾಲು,
ಒಳಗೆ ಹಗಲೂ ಅರ್ಧ ಬೆಲೆಗೆ.
ಹಕ್ಕಿಯ ಸದ್ದಿಲ್ಲ. ಊರುಗೋಲಿನ ಟಕ್ ಟಕ್,
ಬರ್ಮಿಂಗ್‌ಹ್ಯಾಮಿನ ದಂಪತಿಗಳ ಫ್ಲಾಸ್ಕಿನ ಜಗಳ,
ಗೆರೈಂಟನ ಹೊಸ ಸೊಂಟದ ಕೀಲಿನ ಚರಿತ್ರೆ,
ಮೂರನೆಯ ಸಂಪುಟ.
ಅಂಚಿನ ಲಾರ್ಚುಗಳು ಮಾತ್ರ ಹಳದಿಯಾಗಿ ನಿಂತಿದ್ದವು
ಯಾರೋ ದೀಪ ಆರಿಸದೆ ಹೊರಟುಹೋದ ಹಾಗೆ.
ಎಣಿಸಿದೆ. ಹತ್ತು.

ಆಮೇಲೆ ತಡಮೆ ದಾಟಿ ಹುಲ್ಲುಗಾವಲು.
(ತಡಮೆ: ದನವನ್ನು ತಡೆದು ಮನುಷ್ಯರನ್ನು ಬಿಡುವುದು.
ಈ ಮಾತು ಇಲ್ಲಿ ಕಾಲಿಟ್ಟ ಕ್ಷಣ ನೆನಪಾಯಿತು,
ಎಷ್ಟು ವರ್ಷ ಯಾವ ಜೇಬಿನಲ್ಲಿತ್ತೋ.)
ಕುರಿಗಳ ಬೆನ್ನ ಹಿಂದೆ ನೀಲಿ ಬಣ್ಣ.
ಯಾಕೆಂದು ಕೇಳಿದೆ. ಕೇಳಬಾರದಿತ್ತು.
ಟಗರಿನ ಎದೆಗೆ ಬಣ್ಣದುಂಡೆ ಕಟ್ಟಿರುತ್ತೇವೆ,
ಹಾರಿದ್ದಕ್ಕೆಲ್ಲ ಅದೇ ರುಜು ಹಾಕುತ್ತದೆ, ಎಂದ ಡಿಲ್ವಿನ್,
ಬ್ಯಾಂಕಿನ ಗುಮಾಸ್ತನಷ್ಟು ಗಂಭೀರವಾಗಿ.
ನಡೆಯುತ್ತ ತನ್ನ ಭಾಷೆಯ ಲೆಕ್ಕ ಕಲಿಸಿದ:
ಹದಿನೆಂಟಕ್ಕೆ ದೈನೌ, ಅಂದರೆ ಎರಡು ಒಂಬತ್ತು.
ನಮ್ಮಲ್ಲಿ ಒಂಬತ್ತಕ್ಕೇ ಸ್ವಂತ ಹೆಸರಿಲ್ಲ, ಎಂದೆ,
ಹತ್ತಕ್ಕೆ ಒಂದು ಕಮ್ಮಿ, ಅಷ್ಟೆ.
ಅವನು ನಕ್ಕ. ಪಾಪ, ನಿಮ್ಮವರು
ಯಾವಾಗಲೂ ಯಾರನ್ನೋ ಹುಡುಕುತ್ತಿರಬೇಕು.

ತವಿ ನದಿಯ ದಡ. ಹಾಲು ಹಾಕದ ಚಹದ ನೀರು.
ಹೊಳೆಗೆ ಬಾಗಿದ ಮರದಡಿ ಎಲ್ಲರೂ
ಬುತ್ತಿ ಬಿಚ್ಚುವಾಗ ಎಣಿಸಿದೆ.
ಒಂಬತ್ತು.
ಶಾಲೆಯ ಪಾಠದಲ್ಲಿ ಹೊಳೆ ದಾಟಿ
ತಮ್ಮನ್ನೇ ಬಿಟ್ಟು ಎಣಿಸಿ ಅತ್ತ ದಡ್ಡರು ನೆನಪಾಗಿ,
ನಗುತ್ತ ಎದೆಯ ಮೇಲೆ ಬೆರಳಿಟ್ಟುಕೊಂಡು
ನನ್ನಿಂದಲೇ ಶುರುಮಾಡಿದೆ.
ಒಂಬತ್ತೇ.

ಹಿಂದಕ್ಕೆ ಓಡಿದೆ. ಓಟವಲ್ಲ, ಕೆಸರು ಬಿಟ್ಟಷ್ಟು.
ಎರಡನೆಯ ಗೇಟಿನ ಬುಡದಲ್ಲಿ ಕುಕ್ಕರುಗಾಲಲ್ಲಿ ಡಿಲ್ವಿನ್,
ಬಾಯಲ್ಲಿ ಚಾಕು, ಕೈಯಲ್ಲಿ ಕಿತ್ತಳೆ ದಾರ.
ನಾನು ಹಾಕಿದ್ದೆನಲ್ಲ, ಎಂದೆ.
ನೀನು ಹಾಕಿದೆ, ಇದು ಹಾಕಿಕೊಳ್ಳಲಿಲ್ಲ.
ಒಂದು ಗೇಣು ಬಾಯ್ಬಿಟ್ಟುಕೊಂಡಿತ್ತು.

ಎತ್ತಿ ಹಿಡಿ, ಎಂದ. ಹೆಗಲು ಕೊಟ್ಟೆ.
ಎಂಬತ್ತೇಳರಲ್ಲಿ ಈ ಕಂಬ ನೆಟ್ಟವನು ತಾನೇ.
ಮಾರಿ ಆರು ವರ್ಷ. ಕೊಂಡದ್ದೊಂದು ಕಂಪನಿ,
ಅದರ ಮುಖ ನೋಡಿದವರಿಲ್ಲ.
ಬರುವ ಚಳಿಗಾಲಕ್ಕೆ ಇಲ್ಲೂ ಸ್ಪ್ರೂಸ್ ಸಸಿಗಳು,
ಕುರಿ ಇಲ್ಲ, ಗೇಟಿಗೂ ಕೆಲಸವಿಲ್ಲ.
ಮತ್ತೆ ಇದನ್ನು ಯಾಕೆ ಕಟ್ಟುತ್ತೀರಿ
ಎಂದು ಕೇಳಲು ಬಾಯಿ ತೆರೆದೆ,
ಭಾರಕ್ಕೆ ಉಸಿರು ಸಾಲಲಿಲ್ಲ.

ಕೆಲಸವಿಲ್ಲದೆ ಈ ಗದ್ದೆಯಲ್ಲಿ ನಡೆದದ್ದು
ಇವತ್ತೇ ಮೊದಲು, ಎಂದ, ಗಂಟು ಬಿಗಿಯುತ್ತ.
ಬಹಳ ಉದ್ದ ಇದೆ. ಗೊತ್ತೇ ಇರಲಿಲ್ಲ.

ಒಂದು ಬೆರಳಿಂದ ದೂಡಿದ.
ಗೇಟು ತಾನೇ ಹೋಗಿ ಕ್ಲಿಕ್ ಎಂದಿತು.
ಇನ್ನೊಮ್ಮೆ ತೆರೆದ, ಇನ್ನೊಮ್ಮೆ ದೂಡಿದ.

ಹೊಳೆಯ ಕಡೆಯಿಂದ ಮೆನ್ನ ಕೈಬೀಸಿ
ಎಷ್ಟು, ಎಷ್ಟು ಎಂದು ಕೂಗುತ್ತಿದ್ದಳು.
ಎರಡೂ ಕೈ ಮೇಲೆತ್ತಿ ಬೆರಳು ಬಿಡಿಸಿ ತೋರಿಸಿದೆ.
ಕಿರುಬೆರಳಿಗೆ ಒಂದು ಎಳೆ ಕಿತ್ತಳೆ ದಾರ
ಸುತ್ತಿಕೊಂಡೇ ಇತ್ತು.